ಟಿಟಿ ಓಡಿಸುವವರು ಬಸ್ ಹತ್ತುವುದು ಹೇಗೆ?

ಪ್ರಶ್ನೆ: ಸರ್, ನನಗೆ 22 ವರ್ಷ. ಊರು ರಾಣೆಬೆನ್ನೂರು ಹತ್ತಿರ. ಎಸ್ಸೆಸ್ಸೆಲ್ಸಿ ಪಾಸ್, ಪಿಯುಸಿ ಅರ್ಧಕ್ಕೆ ಬಿಟ್ಟೆ. 19ಕ್ಕೆ ಕಾರಿನ ಲೈಸೆನ್ಸ್ ಮಾಡಿಸಿದ್ದೆ. ಈಗ ಮಾವನ ಟಿಟಿ (ಟೆಂಪೊ ಟ್ರಾವೆಲರ್) ಓಡಿಸುತ್ತಿದ್ದೇನೆ. ಮದುವೆ ಟ್ರಿಪ್, ಧರ್ಮಸ್ಥಳ ಟ್ರಿಪ್ ಹೀಗೆ. ಬಸ್ ಡ್ರೈವರ್ ಆಗಬೇಕು ಅಂತ ಆಸೆ. ಸರ್ಕಾರಿ ಬಸ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಸ್ಲೀಪರ್ ಕೋಚ್. ಯಾವ ಲೈಸೆನ್ಸ್ ಬೇಕು? ಎಲ್ಲಿ ಕಲಿಯಬೇಕು? ಮೊದಲು ಲಾರಿ ಓಡಿಸಿ ಕೈ ಪಳಗಿಸಿಕೋ ಅನ್ನುತ್ತಾರೆ, ಅದು ಸರಿಯಾ? ತಂಗಿಗೂ ಡ್ರೈವಿಂಗ್ ಹುಚ್ಚು. ಅವಳಿಗೂ ಆಗುತ್ತಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಿಮ್ಮ ವಯಸ್ಸು. ಹೆವಿ ಲೈಸೆನ್ಸ್, ಅಂದರೆ ಬಸ್ಸು, ಲಾರಿ ಓಡಿಸುವ ಲೈಸೆನ್ಸ್, ಮಾಡಿಸಲು ಇದೇ ಸರಿಯಾದ ಸಮಯ. ನಮ್ಮ ಸಾರಿಗೆ ನಿಗಮಗಳು ಇತ್ತೀಚಿನ ನೇಮಕಾತಿಗಳಲ್ಲಿ ಚಾಲಕರಿಗೆ ಕೇಳಿದ್ದು ಕನಿಷ್ಠ 24 ವರ್ಷ ವಯಸ್ಸು, ಜೊತೆಗೆ ಹೆವಿ ಲೈಸೆನ್ಸ್ ಸಿಕ್ಕಿ ಎರಡು ವರ್ಷ. ಇವತ್ತು ಶುರು ಮಾಡಿದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ತುಂಬುತ್ತವೆ. ಬಹಳ ಹುಡುಗರು ಅರ್ಜಿ ಕರೆದ ಮೇಲೆ ಹೆವಿ ಮಾಡಿಸಲು ಓಡುತ್ತಾರೆ. ಆಗ ಕೈ ಎಷ್ಟೇ ಚೆನ್ನಾಗಿರಲಿ, ಲೈಸೆನ್ಸಿನ ತಾರೀಖು ನೋಡಿ ಅರ್ಜಿ ಪಕ್ಕಕ್ಕೆ ಹೋಗುತ್ತದೆ. ಮುಂದಿನ ನೇಮಕಾತಿ ಯಾವಾಗಲೋ ಏನೋ.

ಟಿಟಿ ವಿಷಯ ಮೊದಲು ಮುಗಿಸೋಣ. ಕಾರಿನ ಲೈಸೆನ್ಸ್ ಇಟ್ಟುಕೊಂಡು ಹಳದಿ ಬೋರ್ಡಿನ ಗಾಡಿ ಓಡಿಸಬಹುದಾ ಅನ್ನುವ ಜಗಳ ಬಹಳ ವರ್ಷ ನಡೆಯಿತು. ಅಪಘಾತ ಆದಾಗಲೆಲ್ಲ ಇನ್ಶೂರೆನ್ಸ್ ಕಂಪನಿಗಳು ಇದೇ ಕಾರಣ ಕೊಟ್ಟು ಪರಿಹಾರ ತಪ್ಪಿಸಲು ನೋಡುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟ್ ಓಡಿಸಬಹುದು ಅಂದಿತು. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿ ಮಾಡಿತು. ಗಾಡಿಯ ಒಟ್ಟು ತೂಕ, ಅಂದರೆ ಜನ, ಲಗೇಜ್ ಎಲ್ಲ ಸೇರಿದ ತೂಕ, 7500 ಕೆಜಿ ಒಳಗಿದ್ದರೆ ಎಲ್‌ಎಂವಿ ಲೈಸೆನ್ಸ್, ಅಂದರೆ ಕಾರಿನ ಲೈಸೆನ್ಸ್, ಸಾಕು. ನಿಮ್ಮ ಟಿಟಿ ಇದರೊಳಗೇ ಬರುತ್ತದೆ. ಮಿನಿಬಸ್ ಆದರೆ ಹುಷಾರು. 25, 30 ಸೀಟಿನ ಕೆಲವು ಗಾಡಿಗಳು ಈ ಗೆರೆಯ ಆಚೆ ಇವೆ, ಕೆಲವು ಈಚೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಆರ್‌ಸಿ ತೆಗೆದು ಒಟ್ಟು ತೂಕದ ಅಂಕಿ ಓದಿ, ಆಮೇಲೆ ಕೀ ಮುಟ್ಟಿ. ಇನ್ನೊಂದು ಮಾತು. ಕೋರ್ಟ್ ಹೇಳಿದ್ದು ಲೈಸೆನ್ಸಿನ ಬಗ್ಗೆ. ಪಿಎಸ್‌ವಿ ಬ್ಯಾಡ್ಜ್, ಅಂದರೆ ಬಾಡಿಗೆಗೆ ಜನರನ್ನು ಕರೆದೊಯ್ಯುವ ಗಾಡಿಯ ಚಾಲಕರ ಬ್ಯಾಡ್ಜ್, ನಮ್ಮ ರಾಜ್ಯದ ನಿಯಮದ ಕೂಸು. ನಿಗಮದ ಅರ್ಜಿಗೂ ಅದು ಬೇಕೇ ಬೇಕು. ಹೇಗೂ ಮಾಡಿಸುವವರು ಹೆವಿ ಜೊತೆಗೇ ಮಾಡಿಸಿಬಿಡಿ.

ದೊಡ್ಡ ಬಸ್ಸಿಗೆ ಬೇಕಾದ್ದು ಟ್ರಾನ್ಸ್‌ಪೋರ್ಟ್ ಲೈಸೆನ್ಸ್. ಊರಲ್ಲಿ ಎಲ್ಲರೂ ಅದನ್ನೇ ಹೆವಿ ಅನ್ನುತ್ತಾರೆ. 1994ರ ತಿದ್ದುಪಡಿಗೆ ಮೊದಲು ಮೋಟಾರು ವಾಹನ ಕಾಯ್ದೆಯಲ್ಲಿ ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರೀ ಸರಕು, ಭಾರೀ ಪ್ರಯಾಣಿಕ ಅಂತ ನಾಲ್ಕು ಬೇರೆ ಬೇರೆ ವರ್ಗ ಇದ್ದವು. ಈಗ ಎಲ್ಲ ಒಂದೇ. 20 ವರ್ಷ ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ನಿಮ್ಮದು ಮೂರು ವರ್ಷ ಆಗಿದೆ, ತೊಂದರೆ ಇಲ್ಲ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ಷರತ್ತನ್ನು 2019ರಲ್ಲಿ ಕೇಂದ್ರ ತೆಗೆದುಹಾಕಿತು. ಆದರೆ ನಿಗಮಗಳು ಎಸ್ಸೆಸ್ಸೆಲ್ಸಿ ಕೇಳುತ್ತವೆ. ಹಾಗಾಗಿ ಆ ಮಾರ್ಕ್ಸ್ ಕಾರ್ಡನ್ನು ಜೋಪಾನವಾಗಿಡಿ.

ಕಾಗದಪತ್ರದ ದಾರಿ ಅಷ್ಟೇನೂ ಕಷ್ಟವಲ್ಲ. ಲೈಸೆನ್ಸಿಗೆ ಆನ್‌ಲೈನ್ ಅರ್ಜಿ ಹಾಕುವ ಸಾರಥಿ ಪೋರ್ಟಲ್‌ನಲ್ಲಿ ಹೊಸ ವರ್ಗ ಸೇರಿಸಲು ಎಲ್‌ಎಲ್‌ಗೆ (ಕಲಿಯುವವರ ಲೈಸೆನ್ಸ್) ಅರ್ಜಿ ಹಾಕಬೇಕು. ಫಾರಂ 1ಎ ಅಂತ ವೈದ್ಯರ ಸರ್ಟಿಫಿಕೇಟ್ ಬೇಕು. ಒಳ್ಳೆ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಆಗುತ್ತದಾ, ಕಿವಿ ಸರಿ ಇದೆಯಾ, ಇರುಳುಗಣ್ಣು ಇದೆಯಾ ಇವೆಲ್ಲ ಅದರಲ್ಲಿ ಬರುತ್ತವೆ. ಡಾಕ್ಟರ್ ಮುಖ ನೋಡದೆ ಸಹಿ ಹಾಕಿಸಿಕೊಂಡು ಬರುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ನಿಗಮದ ವೈದ್ಯಕೀಯ ಪರೀಕ್ಷೆ ಇದಕ್ಕಿಂತ ಬಿಗಿ. ಕಣ್ಣಿನ ದೋಷ ಇದ್ದರೆ ಎಲ್ಲ ಮುಗಿದ ಮೇಲೆ ಅಲ್ಲಿ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ? ಎಲ್‌ಎಲ್ ಬಂದ ಮೇಲೆ 30 ದಿನ ಕಾಯಬೇಕು. ಅದು ಚಾಲ್ತಿಯಲ್ಲಿರುವುದು ಆರು ತಿಂಗಳು. ಅಷ್ಟರೊಳಗೆ ಟೆಸ್ಟ್ ಕೊಡಬೇಕು. ಟೆಸ್ಟಿಗೆ ಹೋಗುವಾಗ ಡ್ರೈವಿಂಗ್ ಸ್ಕೂಲಿನಿಂದ ಫಾರಂ 5 ಬೇಕು, ಅಂದರೆ ಇವರು ನಮ್ಮಲ್ಲಿ ತರಬೇತಿ ಪಡೆದಿದ್ದಾರೆ ಅನ್ನುವ ಪತ್ರ. ಕಾರಿನ ಲೈಸೆನ್ಸನ್ನು ಅಣ್ಣನ ಹತ್ತಿರ ಕಲಿತೂ ಪಡೆಯಬಹುದು. ಹೆವಿಗೆ ಅದು ನಡೆಯುವುದಿಲ್ಲ.

ಮೋಸ ನಡೆಯುವುದೂ ಈ ಫಾರಂ 5ರ ಹತ್ತಿರವೇ. ನಿಯಮದ ಪ್ರಕಾರ ಟ್ರಾನ್ಸ್‌ಪೋರ್ಟ್ ವಾಹನಕ್ಕೆ ತರಬೇತಿ 30 ದಿನಕ್ಕೆ ಕಡಿಮೆ ಇರುವಂತಿಲ್ಲ. ಅದರಲ್ಲಿ ಸ್ಟೇರಿಂಗ್ ಹಿಡಿದು ಓಡಿಸಿದ್ದೇ 15 ಗಂಟೆ ಇರಬೇಕು. ‘ನೀನು ಬರೋದೇ ಬೇಡ, ಟೆಸ್ಟ್ ದಿನ ಬಾ ಸಾಕು’ ಅನ್ನುವವರು ಎಲ್ಲ ತಾಲೂಕಿನಲ್ಲೂ ಸಿಗುತ್ತಾರೆ. ದುಡ್ಡು ಉಳಿಯಿತು, ಕೂಲಿ ತಪ್ಪಲಿಲ್ಲ ಅಂತ ಖುಷಿಯಾಗಬಹುದು. ಆದರೆ ಆಮೇಲೆ 50 ಜನರನ್ನು ಹತ್ತಿಸಿಕೊಂಡು ರಸ್ತೆಗೆ ಇಳಿಯುವವರು ನೀವು. ಸ್ಕೂಲ್ ಆರಿಸುವಾಗ ಎರಡು ಪ್ರಶ್ನೆ ಕೇಳಿ. ಕಲಿಸುವ ಗಾಡಿ ಯಾವುದು? ಒಂದು ಗಾಡಿಯಲ್ಲಿ ಒಂದು ಹೊತ್ತಿಗೆ ಎಷ್ಟು ಜನ ಕಲಿಯುತ್ತಾರೆ? ಹಳೆ ಲಾರಿ ಒಂದನ್ನು ಇಟ್ಟುಕೊಂಡು, ಹತ್ತು ಜನರನ್ನು ಹಿಂದೆ ಕೂರಿಸಿ, ಒಬ್ಬೊಬ್ಬರಿಗೆ ಐದು ನಿಮಿಷ ಸ್ಟೇರಿಂಗ್ ಕೊಡುವ ಕಡೆ ಹೋದರೆ 30 ದಿನ ಮುಗಿದರೂ ನಿಮ್ಮ ಲೆಕ್ಕಕ್ಕೆ 15 ಗಂಟೆ ತುಂಬುವುದಿಲ್ಲ. ಬಸ್ಸಿನಲ್ಲೇ ಕಲಿಸುವ ಕಡೆ ಸಿಕ್ಕರೆ ಸ್ವಲ್ಪ ದೂರವಾದರೂ ಹೋಗಿ. ನಿಗಮಗಳ ತರಬೇತಿ ಕೇಂದ್ರಗಳಲ್ಲಿ ಹೊರಗಿನವರಿಗೂ ಹೆವಿ ತರಬೇತಿ ಕೊಡುವುದುಂಟು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಲ್ಪಸಂಖ್ಯಾತ ಅಭ್ಯರ್ಥಿಗಳಿಗೆ ಸರ್ಕಾರದ ಖರ್ಚಿನಲ್ಲಿ ತರಬೇತಿ ಸಿಗುವ ಯೋಜನೆಗಳೂ ಬರುತ್ತಿರುತ್ತವೆ. ಹತ್ತಿರದ ಡಿಪೋದಲ್ಲಿ, ತಾಲೂಕಿನ ಸಮಾಜ ಕಲ್ಯಾಣ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. 2021ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ ಅನ್ನುವ ಇನ್ನೊಂದು ವ್ಯವಸ್ಥೆ ಬಂದಿದೆ. ಅಲ್ಲಿ ಹೆವಿ ಕೋರ್ಸ್ ಆರು ವಾರಗಳಲ್ಲಿ 38 ಗಂಟೆ. ಪಾಸಾದವರಿಗೆ ಆರ್‌ಟಿಓ ಟೆಸ್ಟ್ ಇಲ್ಲ.

ಇನ್ನು ಕಲಿಯುವುದಾದರೂ ಏನು? ಟಿಟಿ ಓಡಿಸಿದ ಕೈ ನಿಮ್ಮದು, ಗೇರ್ ಕ್ಲಚ್ ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ ಹೊಸದಾಗಿ ಬರುವುದು ಮೂರು. ಉದ್ದ, ಏರ್ ಬ್ರೇಕ್, ಮತ್ತು ಹಿಂದೆ ನಿಂತಿರುವ ಜನ.

ಸಾಮಾನ್ಯ ಬಸ್ಸಿನ ಉದ್ದ 12 ಮೀಟರ್ ಇರಬಹುದು. ಮಲ್ಟಿ ಆಕ್ಸಲ್ ಕೋಚ್ ಆದರೆ 15 ಮೀಟರ್ ತನಕ. ಈ ಗಾಡಿಗಳಲ್ಲಿ ಡ್ರೈವರ್ ಕೂರುವುದು ಮುಂದಿನ ಚಕ್ರಕ್ಕಿಂತಲೂ ಮುಂದೆ. ಟಿಟಿಯಲ್ಲಿ ಮೂಲೆ ಕಂಡ ಕೂಡಲೇ ಸ್ಟೇರಿಂಗ್ ತಿರುಗಿಸುವ ಅಭ್ಯಾಸ ಇರುತ್ತದೆ. ಬಸ್ಸಿನಲ್ಲಿ ಹಾಗೆ ಮಾಡಿದರೆ ಹಿಂದಿನ ಚಕ್ರ ಮೂಲೆಯ ಮೇಲೇ ಹತ್ತುತ್ತದೆ. ನೀವು ಕೂತ ಜಾಗ ಮೂಲೆ ದಾಟಿ ಮುಂದೆ ಹೋದ ಮೇಲೆ ತಿರುಗಿಸಬೇಕು. ಮೊದಮೊದಲು ಎದುರಿನ ಗೋಡೆಗೆ ಗುದ್ದಿಬಿಡುತ್ತೇನೆ ಅನ್ನುವ ಹೆದರಿಕೆ ಆಗುತ್ತದೆ, ಅದು ಸಹಜ. ಎಡಕ್ಕೆ ತಿರುಗುವಾಗ ಇನ್ನೂ ಎಚ್ಚರ ಬೇಕು. ಮುಂದೆ ಜಾಗ ಮಾಡಿಕೊಳ್ಳಲು ನೀವು ಸ್ವಲ್ಪ ಬಲಕ್ಕೆ ಸರಿಯುತ್ತೀರಿ. ಎಡಗಡೆ ಖಾಲಿ ಕಂಡ ಬೈಕಿನವನು ಅಲ್ಲಿಗೆ ನುಗ್ಗುತ್ತಾನೆ. ಅದೇ ಹೊತ್ತಿಗೆ ನಿಮ್ಮ ಹಿಂದಿನ ಎಡ ಚಕ್ರ ಒಳಕ್ಕೆ ಬರುತ್ತಿರುತ್ತದೆ. ತಿರುವು ಪೂರ್ತಿ ಮುಗಿಯುವ ತನಕ ಎಡಗನ್ನಡಿಯಿಂದ ಕಣ್ಣು ತೆಗೆಯಬೇಡಿ. ಬಸ್ ನಿಲ್ದಾಣದಿಂದ ಹೊರಡುವಾಗ ಇದು ಉಲ್ಟಾ. ಪ್ಲಾಟ್‌ಫಾರ್ಮಿನಿಂದ ಪೂರ್ತಿ ಬಲಕ್ಕೆ ಕಟ್ ಹೊಡೆದರೆ ಹಿಂದಿನ ಚಕ್ರದ ಆಚೆ ಚಾಚಿಕೊಂಡಿರುವ ಬಾಲ ಎಡಕ್ಕೆ ಬೀಸುತ್ತದೆ. ಅಲ್ಲಿ ಬುಟ್ಟಿ ಇಟ್ಟುಕೊಂಡು ನಿಂತ ಅಜ್ಜಿಗೆ ಬಸ್ ಹೋಯಿತು ಅಂತ ಅನ್ನಿಸಿರುತ್ತದೆ, ಅಷ್ಟರಲ್ಲಿ ಬಾಲ ತಗುಲುತ್ತದೆ. ಹಾಗಾಗಿ ಮೊದಲು ಸ್ವಲ್ಪ ನೇರ ಮುಂದಕ್ಕೆ, ಆಮೇಲೆ ತಿರುವು.

ಏರ್ ಬ್ರೇಕ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊರಡುವ ಹಾಗಿಲ್ಲ. ಟ್ಯಾಂಕಿನಲ್ಲಿ ಗಾಳಿ ತುಂಬಬೇಕು, ಮೀಟರಿನ ಮುಳ್ಳು ಕೆಂಪು ದಾಟಬೇಕು, ಬಜರ್ ನಿಲ್ಲಬೇಕು. ಈಗಿನ ಬಸ್ಸುಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಗಾಳಿ ಇಲ್ಲದಿದ್ದರೆ ಚಕ್ರ ಅಲ್ಲಾಡುವುದಿಲ್ಲ. ಟ್ಯಾಂಕಿನ ಕೆಳಗಿನ ಡ್ರೈನ್ ತೆಗೆದು ನೀರು ಹೊರಗೆ ಬಿಡುವ ಕೆಲಸ ಮೆಕ್ಯಾನಿಕ್‌ದು ಅಂತ ಸುಮ್ನೆ ಕೂರಬೇಡಿ, ಕಲಿತುಕೊಳ್ಳಿ. ಘಾಟಿ ಇಳಿಯುವಾಗ ಪೆಡಲ್ ಮೇಲೆ ಕಾಲಿಟ್ಟು ಮತ್ತೆ ಮತ್ತೆ ಒತ್ತುತ್ತಾ ಹೋದರೆ ಎರಡು ತೊಂದರೆ. ಗಾಳಿ ಖಾಲಿಯಾಗುತ್ತಾ ಬರುತ್ತದೆ, ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಕಡಿಮೆಯಾಗುತ್ತದೆ. ಲೈನರ್ ಸುಟ್ಟ ವಾಸನೆ ಮೂಗಿಗೆ ಬಂತು ಅಂದರೆ ಆಗಲೇ ತಡವಾಗಿದೆ. ನೀವು ಧರ್ಮಸ್ಥಳಕ್ಕೆ ಟಿಟಿ ತೆಗೆದುಕೊಂಡು ಚಾರ್ಮಾಡಿ ಇಳಿದಿರಬಹುದು. ಅಲ್ಲಿ ನಡೆದ ಆಟ 16 ಟನ್ ಬಸ್ಸಿನಲ್ಲಿ ನಡೆಯುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್, ಜೊತೆಗೆ ಎಕ್ಸಾಸ್ಟ್ ಬ್ರೇಕ್, ಅಂದರೆ ಹೊಗೆಯ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಬ್ರೇಕ್. ವೋಲ್ವೋದಂಥ ಕೋಚ್ ಆದರೆ ರಿಟಾರ್ಡರ್, ಚಕ್ರದ ಬ್ರೇಕ್ ಮುಟ್ಟದೆ ವೇಗ ತಗ್ಗಿಸುವ ಸಾಧನ ಅದು. ಪೆಡಲ್ ಕೊನೆಗೆ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುತ್ತೇನೆ ಅನ್ನುವವರ ಹತ್ತಿರ ಕಲಿಯಲು ಹೋಗಬೇಡಿ. ಮತ್ತೆ, ಕಿರಿದಾದ ಏರಿನಲ್ಲಿ ಹತ್ತಿ ಬರುವ ಗಾಡಿಗೆ ದಾರಿ ಮೊದಲು. ಇಳಿಯುವವರು ನಿಲ್ಲಬೇಕು.

ಮೂರನೆಯದು ಜನ. ಹೆಚ್ಚಿನ ಡ್ರೈವಿಂಗ್ ಸ್ಕೂಲುಗಳು ಕಲಿಸದೇ ಬಿಡುವುದು ಇದನ್ನೇ. ನಾನು ಹುಡುಗರನ್ನು ಸ್ಟೇರಿಂಗ್‌ಗೆ ಕೂರಿಸುವ ಮೊದಲು ಬಸ್ಸಿನ ಕೊನೇ ಸೀಟಿನಲ್ಲಿ ಕೂರಿಸುತ್ತೇನೆ. ಡ್ರೈವರ್‌ಗೆ ಗೊತ್ತೇ ಆಗದ ಒಂದು ಹಂಪ್ ಅಲ್ಲಿ ಕೂತವರನ್ನು ಸೀಟಿನಿಂದ ಮೇಲಕ್ಕೆ ಎಸೆಯುತ್ತದೆ. ವಯಸ್ಸಾದವರ ಬೆನ್ನುಮೂಳೆಗೆ ಪೆಟ್ಟಾಗುವುದು ಹೀಗೇ. ಆಮೇಲೆ ಕಂಬಿ ಹಿಡಿಸಿ ನಡುವೆ ನಿಲ್ಲಿಸುತ್ತೇನೆ. ಡ್ರೈವರ್ ಒಮ್ಮೆ ಜಗ್ಗಿ ಬ್ರೇಕ್ ಹಾಕಿದರೆ ಸಾಕು, ಪಾಠ ತಲೆಗೆ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿ ರೂಟಿನ ಎಷ್ಟೋ ಬಸ್ಸುಗಳು ತುಂಬಿ ಓಡುತ್ತಿವೆ. ಬಾಗಿಲ ಮೆಟ್ಟಿಲ ತನಕ ಜನ ನಿಂತಿರುತ್ತಾರೆ. ಆ ಬಸ್ ನಿಲ್ಲಲು ಜಾಸ್ತಿ ದೂರ ಬೇಕು, ತಿರುವಿನಲ್ಲಿ ಜಾಸ್ತಿ ವಾಲುತ್ತದೆ. ಸ್ಟಾಪು ಇನ್ನೂ ದೂರ ಇರುವಾಗಲೇ ಆಕ್ಸಲರೇಟರ್ ಬಿಟ್ಟು, ಮೆಲ್ಲಗೆ ಹಿಡಿದು, ಪೂರ್ತಿ ನಿಲ್ಲುವ ಗಳಿಗೆಯಲ್ಲಿ ಬ್ರೇಕ್ ಒಂದಿಷ್ಟು ಸಡಿಲಿಸಿದರೆ ಯಾರೂ ಮುಂದಕ್ಕೆ ಮುಗ್ಗರಿಸುವುದಿಲ್ಲ. ಕಂಡಕ್ಟರ್ ‘ರೈಟ್’ ಅನ್ನುವ ತನಕ ಕ್ಲಚ್ ಬಿಡುವಂತಿಲ್ಲ. ಅಂದ ಮೇಲೂ ಬಾಗಿಲ ಕಡೆ ಒಮ್ಮೆ ನೋಡಿ. ಹೀಗೆ ಓಡಿಸುವವರ ಕೆಎಂಪಿಎಲ್, ಅಂದರೆ ಲೀಟರ್ ಡೀಸೆಲ್‌ಗೆ ಓಡುವ ಕಿಲೋಮೀಟರ್, ಕೂಡ ಚೆನ್ನಾಗಿ ಬರುತ್ತದೆ. ಡಿಪೋದಲ್ಲಿ ನಿಮ್ಮ ಹೆಸರಿನ ಮುಂದೆ ಬರೆಯುವ ಅಂಕಿ ಅದು, ಅದರ ಮಾತು ಬಾರದ ದಿನವಿಲ್ಲ.

ಲಾರಿ ಪ್ರಶ್ನೆಗೆ ಈಗ ಉತ್ತರ ಸುಲಭ. ಲಾರಿಯಲ್ಲಿ ಕೈ ಪಳಗುತ್ತದೆ ಅನ್ನುವುದು ನಿಜ. ರಿವರ್ಸ್, ಲೋಡ್, ಘಾಟಿ ಎಲ್ಲ ಬರುತ್ತದೆ. ಆದರೆ ಜಲ್ಲಿಕಲ್ಲು ದೂರು ಹೇಳುವುದಿಲ್ಲ. ಎರಡು ವರ್ಷ ಟಿಪ್ಪರ್ ಓಡಿಸಿ ಬಂದವರ ಬ್ರೇಕ್ ಕಾಲನ್ನು ತಿದ್ದುವುದು, ಏನೂ ಗೊತ್ತಿಲ್ಲದವರಿಗೆ ಕಲಿಸುವುದಕ್ಕಿಂತ ಕಷ್ಟ. ನನ್ನನ್ನು ಕೇಳಿದರೆ, ಹೆವಿ ಸಿಕ್ಕ ಮೇಲೆ ಫ್ಯಾಕ್ಟರಿ ಅಥವಾ ಗಾರ್ಮೆಂಟ್ಸ್ ಸ್ಟಾಫ್ ಬಸ್ ಹುಡುಕಿ. ಹರಿಹರ, ಹುಬ್ಬಳ್ಳಿ ಕಡೆ ಕೇಳಿ ನೋಡಿ. ದಿನಾ ಅದೇ ರೂಟು, ಅದೇ ಜನ. ಜೋರಾಗಿ ಬ್ರೇಕ್ ಹಾಕಿದರೆ ಸಂಜೆಯೊಳಗೆ ಮೇಲಿನವರಿಗೆ ದೂರು ಹೋಗಿರುತ್ತದೆ. ಅದಕ್ಕಿಂತ ಒಳ್ಳೆ ಮೇಷ್ಟ್ರು ಸಿಗುವುದಿಲ್ಲ. ಶಾಲಾ ಬಸ್ಸಿನ ಕಡೆ ಈಗಲೇ ಹೋಗಬೇಡಿ. ಸುಪ್ರೀಂ ಕೋರ್ಟ್ 1997ರಲ್ಲೇ ಅದಕ್ಕೆ ಐದು ವರ್ಷದ ಭಾರೀ ವಾಹನ ಅನುಭವ ಹೇಳಿದೆ.

ಸರ್ಕಾರಿ ಬಸ್ಸಿನ ವಿಷಯ. ರಾಜ್ಯದಲ್ಲಿ ನಿಗಮ ನಾಲ್ಕು. ನಿಮ್ಮ ಊರು ಬರುವುದು ಹುಬ್ಬಳ್ಳಿಯ ವಾಯವ್ಯ ಸಾರಿಗೆಗೆ. ಆದರೆ ಯಾವ ನಿಗಮ ಕರೆದರೂ ಅರ್ಜಿ ಹಾಕಿ. ಈಗ ಜಾಸ್ತಿ ಕರೆಯುವುದು ಚಾಲಕ ಕಂ ನಿರ್ವಾಹಕ ಹುದ್ದೆಗೆ. ಹಾಗಾಗಿ ಕಂಡಕ್ಟರ್ ಲೈಸೆನ್ಸ್, ಬ್ಯಾಡ್ಜ್ ಕೂಡ ಮಾಡಿಸಿಡಿ. ಅದಕ್ಕೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಬೇಕು. ಎತ್ತರ ಗಂಡಸರಿಗೆ 163 ಸೆಂಟಿಮೀಟರ್, ಹೆಂಗಸರಿಗೆ 153. ವಯಸ್ಸಿನ ಮೇಲ್ಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ 40. ಹಾಸನ, ಹುಮನಾಬಾದ್‌ನಂಥ ಕೇಂದ್ರಗಳಲ್ಲಿ ಚಾಲನಾ ಪರೀಕ್ಷೆ ಸೆನ್ಸರ್ ಟ್ರ್ಯಾಕಿನ ಮೇಲೆ ನಡೆಯುತ್ತದೆ. ಎಂಟರ ಆಕಾರ, ಎಸ್ ತಿರುವು, ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡುವುದು. ಅಂಕ ಕೊಡುವುದು ಕಂಪ್ಯೂಟರ್. ಅಲ್ಲಿ ಯಾರ ಶಿಫಾರಸೂ ಕೆಲಸಕ್ಕೆ ಬರುವುದಿಲ್ಲ, ಆದ್ದರಿಂದ ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರನ್ನು ದೂರ ಇಡಿ. ಎಂಟು ಮತ್ತು ರಿವರ್ಸ್‌ನಲ್ಲೇ ಹೆಚ್ಚು ಜನ ಎಡವುವುದು. ಊರ ಹೊರಗಿನ ಖಾಲಿ ಮೈದಾನದಲ್ಲಿ ಸುಣ್ಣದಲ್ಲಿ ಗೆರೆ ಎಳೆದುಕೊಂಡು ಅಭ್ಯಾಸ ಮಾಡಿ.

ತಂಗಿಗೆ ಖಂಡಿತ ಆಗುತ್ತದೆ. ನಿಯಮ ಇಬ್ಬರಿಗೂ ಒಂದೇ. ತಮಿಳುನಾಡಿನಲ್ಲಿ ವಸಂತಕುಮಾರಿ 1993ರಲ್ಲೇ ಸರ್ಕಾರಿ ಬಸ್ ಹಿಡಿದರು. ನಮ್ಮ ಬಿಎಂಟಿಸಿಗೆ 2009ರಲ್ಲಿ ಮೊದಲ ಚಾಲಕಿಯಾಗಿ ಬಂದ ಪ್ರೇಮಾ ರಾಮಪ್ಪ ನಡಪಟ್ಟಿ ನಿಮ್ಮ ಉತ್ತರ ಕರ್ನಾಟಕದವರೇ, ಬೆಳಗಾವಿ ಜಿಲ್ಲೆಯವರು. ಈಗಿನ ಬಸ್ಸಿನಲ್ಲಿ ಪವರ್ ಸ್ಟೇರಿಂಗ್ ಇದೆ, ತೋಳಿನ ಬಲದ ಮಾತು ಹಳೆಯದಾಯಿತು. ಅವಳು 18 ತುಂಬಿದ ಕೂಡಲೇ ಎಲ್‌ಎಂವಿ ಮಾಡಿಸಲಿ, 20 ಆಗುವಾಗ ಹೆವಿಗೆ ಅರ್ಜಿ ಹಾಕಲಿ.

ಸ್ಲೀಪರ್ ಕೋಚಿನ ಆಸೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಸಂಬಳ, ಬಾಟಾ ಚೆನ್ನಾಗಿರಬಹುದು. ಆದರೆ ಅದು ಪೂರ್ತಿ ರಾತ್ರಿಯ ಕೆಲಸ. ಎರಡು ಗಂಟೆಯಿಂದ ಐದರ ತನಕ ಕಣ್ಣು ತೆರೆದಿದ್ದರೂ ತಲೆ ಮಲಗಿಬಿಡುವ ಹೊತ್ತು. ಸೇರುವ ಮೊದಲು ಮಾಲೀಕರನ್ನು ನೇರವಾಗಿ ಕೇಳಿ. ಎರಡನೇ ಡ್ರೈವರ್ ಇರುತ್ತಾರಾ? ಅವರಿಗೆ ಮಲಗಲು ಜಾಗ ಇದೆಯಾ? ಬೆಳಿಗ್ಗೆ ತಲುಪಿದ ಮೇಲೆ ಸಂಜೆಯ ತನಕ ನಿದ್ದೆ ಬಿಡುತ್ತಾರಾ, ಅಥವಾ ಗಾಡಿ ತೊಳೆಸಲು ಹಚ್ಚುತ್ತಾರಾ? ಮೊದಲ ದಿನವೇ ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ, ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿವೆ ಅಂತ ಕೈಯಾರೆ ಮುಟ್ಟಿ ನೋಡಿ, ಬಾಗಿಲು ತೆಗೆದು ನೋಡಿ. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ಬಸ್ಸಿಗೆ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಬೆಂಕಿ ಹತ್ತಿ 45 ಜನ ಸತ್ತರು. ಅಂಥ ಹೊತ್ತಿನಲ್ಲಿ ಹುಡುಕಲು ಸಮಯ ಸಿಗುವುದಿಲ್ಲ. ಸ್ಲೀಪರ್‌ನಲ್ಲಿ ಜನ ಪರದೆ ಎಳೆದು ಮಲಗಿರುತ್ತಾರೆ, ಎಬ್ಬಿಸುವುದೇ ಒಂದು ಕೆಲಸ. ಹೊರಡುವಾಗ ಅವರಿಗೂ ಬಾಗಿಲು ತೋರಿಸಿ, ನಾಚಿಕೆ ಬೇಡ.

ಟ್ರಾನ್ಸ್‌ಪೋರ್ಟ್ ಲೈಸೆನ್ಸಿನ ಆಯುಸ್ಸು ಐದೇ ವರ್ಷ. ಪ್ರತಿ ಸಲ ಫಾರಂ 1ಎ ಕೊಟ್ಟು ನವೀಕರಿಸಬೇಕು. ಮೊದಲು ಅವಧಿ ಮುಗಿದ ಮೇಲೂ 30 ದಿನ ಓಡಿಸಲು ಬಿಡುತ್ತಿದ್ದರು, 2019ರ ತಿದ್ದುಪಡಿಯಲ್ಲಿ ಅದು ಹೋಯಿತು. ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್. ಕೆಲವು ಖಾಸಗಿ ಮಾಲೀಕರು ಕೆಲಸಕ್ಕೆ ಸೇರುವಾಗ ಒರಿಜಿನಲ್ ಲೈಸೆನ್ಸ್ ಇಸಿದುಕೊಂಡು ಬೀರುವಿನಲ್ಲಿ ಇಡುತ್ತಾರೆ, ನೀವು ಬಿಟ್ಟು ಹೋಗಬಾರದು ಅಂತ. ಜೆರಾಕ್ಸ್ ಕೊಡಿ, ಒರಿಜಿನಲ್ ಕೊಡಬೇಡಿ. ಕೊಡಲೇಬೇಕು ಅಂತ ಹಟ ಹಿಡಿದರೆ ಬೇರೆ ಬಸ್ ನೋಡಿ.